ಅಂಗೈಯ ಗಣಕಯಂತ್ರ: ಹೊಲದ ಸಾಕ್ಷಿ ನಿಮ್ಮ ಕೈಯಲ್ಲೇ ಇರಲಿ



ಹೊಸ ತಳಿಯೊಂದು ಬಂತೆಂದರೆ ಜಾಣ ರೈತನು ಇಡೀ ಹೊಲಕ್ಕೆ ಅದನ್ನೇ ಬಿತ್ತುವುದಿಲ್ಲ. ಹಾಗೆಂದು ಬೀಜದ ಚೀಲವನ್ನು ಬಾಗಿಲಿನಿಂದಲೇ ಹಿಂದಕ್ಕೂ ಕಳಿಸುವುದಿಲ್ಲ. ಹೊಲದ ಒಂದು ಮಗ್ಗುಲಲ್ಲಿ ನಾಲ್ಕು ಸಾಲು ಬಿತ್ತಿ, ಮೊಳಕೆ ನೋಡಿ, ರೋಗ-ಕೀಟಗಳ ಬಾಧೆ ನೋಡಿ, ಕಡೆಗೆ ರಾಶಿಯ ತೂಕ ನೋಡಿ ತೀರ್ಮಾನಕ್ಕೆ ಬರುತ್ತಾನೆ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ಸಿದ್ಧಪಡಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ಬಂದಿತು. ಜಯಲಕ್ಷ್ಮಿ 1981ರಲ್ಲಿ ಬಂದಿತು. ಅಂಥ ಹೆಸರಾಂತ ತಳಿಗಳೂ ರೈತನ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೇ ಎರೆಭೂಮಿಯಲ್ಲಿ ನೆಲೆಯೂರಬೇಕಾಯಿತು.

ಈಗ ಹಳ್ಳಿಗೆ ಬಂದಿರುವ ಒಂದು ಸಾಧನವನ್ನು ಇದೇ ಕಣ್ಣಿನಿಂದ ನೋಡಬೇಕಾಗಿದೆ. ಅದು ಅಂಗೈಯಲ್ಲಿ ಹಿಡಿಯುವ ಗಣಕಯಂತ್ರ. ನಾವು ಅದನ್ನು ಸ್ಮಾರ್ಟ್‌ಫೋನ್ ಎಂದೂ, ‘ದೊಡ್ಡ ಮೊಬೈಲು’ ಎಂದೂ ಕರೆಯುತ್ತೇವೆ. ಪಟ್ಟಣದವರಿಗೆ ಇದು ಹಳೆಯ ಮಾತಾಗಿರಬಹುದು. ಆದರೆ ಸಂಪಗಾಂವ ಸುತ್ತಿನ ಬೈಲಹೊಂಗಲ, ಕಿತ್ತೂರ, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಗುಂಡಿ ಒತ್ತುವ ಸಣ್ಣ ಫೋನಿನಿಂದ ಗಾಜಿನ ಫೋನಿಗೆ ಈಗಷ್ಟೇ ಕೈ ಇಡುತ್ತಿರುವ ಹಿರಿಯ ರೈತರು ಎಷ್ಟೋ ಜನರಿದ್ದಾರೆ. ಮಗನು ಧಾರವಾಡದಿಂದಲೋ ಬೆಳಗಾವಿಯಿಂದಲೋ ತಂದುಕೊಟ್ಟ ಯಂತ್ರವನ್ನು ಏನು ಮಾಡಬೇಕೆಂದು ತಿಳಿಯದೆ ಮಾಡದ ಗೂಡಿನಲ್ಲಿ ಇಟ್ಟವರೂ ಇದ್ದಾರೆ. ಮೊದಲ ನೋಟಕ್ಕೆ ಇದು ಹೇಗಿದೆ, ಇದರ ನಿಸ್ತಂತು ಗುಣಗಳೇನು, ಬೇಸಾಯಗಾರನಿಗೆ ಇದರಿಂದ ಹಿತವೆಷ್ಟು, ಅಪಾಯವೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ರೇಡಿಯೋ ಹೇಳುತ್ತಿತ್ತು, ಇದು ಕೇಳಿಸಿಕೊಂಡು ಹೇಳುತ್ತದೆ

ತಂತಿಯಿಲ್ಲದ ಯಂತ್ರ ನಮಗೆ ಹೊಸದಲ್ಲ. ಧಾರವಾಡ ಆಕಾಶವಾಣಿ ಕೇಂದ್ರ 1950ರಲ್ಲಿ ಆರಂಭವಾಯಿತು. ಟ್ರಾನ್ಸಿಸ್ಟರ್ ರೇಡಿಯೋ ಅಗ್ಗವಾದ ಮೇಲೆ ಅದನ್ನು ಎತ್ತಿನ ಬಂಡಿಯ ಗೂಟಕ್ಕೆ ತೂಗುಹಾಕಿಕೊಂಡು ಹೊಲಕ್ಕೆ ಹೋದವರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಬಿತ್ತನೆಯ ಕಾಲ, ಔಷಧಿಯ ಪ್ರಮಾಣ, ಪೇಟೆಯ ಧಾರಣೆ ಎಲ್ಲವೂ ಅದರಿಂದ ಕಿವಿಗೆ ಬಿದ್ದವು. ಆದರೆ ರೇಡಿಯೋಗೆ ಬಾಯಿ ಇತ್ತೇ ಹೊರತು ಕಿವಿ ಇರಲಿಲ್ಲ. ಅದು ನಮಗೆ ಹೇಳುತ್ತಿತ್ತು, ನಮ್ಮ ಬಗ್ಗೆ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ಈ ಹೊಸ ಯಂತ್ರಕ್ಕೆ ಬಾಯಿಯೂ ಇದೆ, ಕಿವಿಯೂ ಇದೆ, ಕಣ್ಣೂ ಇದೆ. ನೀವು ಯಾವ ಹೊಲದಲ್ಲಿ ನಿಂತಿದ್ದೀರಿ, ಅಲ್ಲಿ ಏನು ಬೆಳೆದಿದೆ, ಯಾವ ದಿನ ಯಾವ ಗಳಿಗೆಯಲ್ಲಿ ಚಿತ್ರ ತೆಗೆದಿರಿ ಎಂಬುದನ್ನೆಲ್ಲ ಇದು ದೂರದ ಕಚೇರಿಗೆ ತಿಳಿಸಬಲ್ಲದು. ಸಾಲ, ವಿಮೆ, ಪರಿಹಾರ, ಬೆಂಬಲ ಬೆಲೆಯ ಖರೀದಿ, ಹೀಗೆ ಒಂದೊಂದೇ ವ್ಯವಹಾರ ಈ ಹೇಳಿಕೆಯನ್ನು ನೆಚ್ಚಿಕೊಳ್ಳುತ್ತಿದೆ. ಆದ್ದರಿಂದ ಇದು ಮನರಂಜನೆಯ ಪೆಟ್ಟಿಗೆಯಲ್ಲ, ನಿಮ್ಮ ಹೊಲದ ಸಾಕ್ಷಿ. ಸಾಕ್ಷಿ ಯಾರ ಕೈಯಲ್ಲಿರಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಬೆಂಗಳೂರಿನಲ್ಲಿ ಹುಟ್ಟಿದ ‘ಸಿಂಪ್ಯೂಟರ್’

ಬಡವನ ಕೈಗೆ ಗಣಕಯಂತ್ರ ಕೊಡಬೇಕೆಂಬ ಯೋಚನೆ ನಮ್ಮ ರಾಜ್ಯದಲ್ಲೇ ಮೊಳೆತದ್ದೆಂಬುದನ್ನು ಬಹಳ ಮಂದಿ ಮರೆತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮೊದಲಾದವರೂ ಎನ್‌ಕೋರ್ ಎಂಬ ಸಂಸ್ಥೆಯ ತಂತ್ರಜ್ಞರೂ ಕೂಡಿ 1999ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡರು. 2001ರಲ್ಲಿ ಅವರು ಜಗತ್ತಿಗೆ ತೋರಿಸಿದ ಯಂತ್ರದ ಹೆಸರು ಸಿಂಪ್ಯೂಟರ್. ಸರಳ, ಅಗ್ಗ, ಬಹುಭಾಷೆಯ ಗಣಕಯಂತ್ರ ಎಂಬುದು ಆ ಹೆಸರಿನ ತಾತ್ಪರ್ಯ.

ಅಂಗೈಯಗಲದ ಆ ಯಂತ್ರಕ್ಕೆ ಅಕ್ಷರದ ಗುಂಡಿಗಳ ಮಣೆ ಇರಲಿಲ್ಲ. ಗಾಜಿನ ಮೇಲೆ ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಓದಲು ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಏರ್ಪಾಡು ಅದರಲ್ಲಿತ್ತು, ಕನ್ನಡವೂ ಅವುಗಳಲ್ಲಿ ಒಂದು. ಅದರ ಮೂಲ ವಿನ್ಯಾಸದಲ್ಲಿ ನಿಸ್ತಂತು ಎಂದರೆ ಅತಿಗೆಂಪು ಕಿರಣದ ಒಂದು ಕಿಂಡಿ ಮಾತ್ರ. ದೂರದ ಸಂಪರ್ಕಕ್ಕೆ ದೂರವಾಣಿಯ ತಂತಿಯನ್ನೇ ಚುಚ್ಚಬೇಕಾಗಿತ್ತು.

ಅದರಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ವಿಚಾರ ಬೇರೆಯೇ. ಯಂತ್ರ ಊರಿಗೆ ಒಂದು, ಚೀಟಿ ಆಳಿಗೊಂದು. ಒಬ್ಬೊಬ್ಬರಿಗೆ ಒಂದೊಂದು ಸ್ಮಾರ್ಟ್ ಕಾರ್ಡು. ತನ್ನ ಕಾರ್ಡನ್ನು ಯಂತ್ರಕ್ಕೆ ತೂರಿಸಿದರೆ ತನ್ನ ಲೆಕ್ಕ ತೆರೆಯುವುದು, ತೆಗೆದರೆ ಮುಚ್ಚುವುದು. ಊರ ಬಾವಿ ಒಂದೇ ಆದರೂ ಕೊಡ ಅವರವರದೇ ಇರುವಂತೆ. ಯಂತ್ರ ಕೊಳ್ಳಲಾರದವನೂ ಅದನ್ನು ಬಳಸಬಹುದಾಗಿತ್ತು.

2004ರಲ್ಲಿ ಪಿಕೋಪೆಟಾ ಸಂಸ್ಥೆ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ‘ಅಮಿಡಾ’ ಎಂಬ ಹೆಸರಿನಲ್ಲಿ ಈ ಯಂತ್ರವನ್ನು ಪೇಟೆಗೆ ತಂದವು. ಬೆಲೆ 9,950 ರೂಪಾಯಿಯಿಂದ ಆರಂಭ. ನಮ್ಮ ರಾಜ್ಯ ಸರ್ಕಾರ ಭೂದಾಖಲೆಯ ಕೆಲಸದಲ್ಲಿ ಅದನ್ನು ಪ್ರಯೋಗಿಸಿತು. ಆದರೆ ಯಂತ್ರ ಹಳ್ಳಿಗೆ ಹರಡಲಿಲ್ಲ. ಆ ಕಾಲಕ್ಕೆ ಸಣ್ಣ ರೈತನಿಗೆ ಹತ್ತು ಸಾವಿರ ರೂಪಾಯಿ ದೊಡ್ಡ ಮೊತ್ತ. ಅಷ್ಟರಲ್ಲಿ ಮಾತನಾಡುವ ಮೊಬೈಲ್ ಫೋನುಗಳು ಅಗ್ಗವಾಗಿ ಊರೂರಿಗೆ ಬಂದವು. ಜನರು ಅವುಗಳನ್ನೇ ಕೊಂಡರು. ಮುಂದೆ ಆ ಫೋನೇ ಬೆಳೆದು ಗಣಕಯಂತ್ರವಾಯಿತು.

ಸಿಂಪ್ಯೂಟರ್ ಸೋತಿತೆಂದು ನಗುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಇಳುವರಿ ಕೊಡದೆ ಹೋದರೂ ಒಂದು ಒಳ್ಳೆಯ ಗುಣವನ್ನು ಮುಂದಿನ ತಳಿಗೆ ಬಿಟ್ಟುಹೋಗುವ ಬೀಜಗಳುಂಟು. ಕನ್ನಡದಲ್ಲಿ ಮಾತನಾಡುವ ಗುಣ ಇಂದಿನ ಫೋನಿಗೆ ಬಂದಿದೆ. ಹಂಚಿಕೊಂಡು ಬಳಸುವ ಗುಣ ಮಾತ್ರ ಬರಲಿಲ್ಲ. ಅದರ ನಷ್ಟವನ್ನು ನಾವು ಈಗ ಉಣ್ಣುತ್ತಿದ್ದೇವೆ. ಆ ಮಾತಿಗೆ ಮುಂದೆ ಬರುತ್ತೇನೆ.

ತಂತಿಯಿಲ್ಲದ ನಾಲ್ಕು ದಾರಿಗಳು

ಇಂದಿನ ಅಂಗೈ ಯಂತ್ರದಲ್ಲಿ ತಂತಿಯಿಲ್ಲದೆ ಸುದ್ದಿ ಸಾಗುವ ದಾರಿಗಳು ಮುಖ್ಯವಾಗಿ ನಾಲ್ಕು. ಇವು ಬೇರೆ ಬೇರೆ ಎಂಬುದನ್ನು ತಿಳಿದರೆ ಅರ್ಧ ಗೊಂದಲ ಕಳೆದಂತೆ.

ಮೊದಲನೆಯದು ಮೊಬೈಲ್ ಗೋಪುರದ ಸಂಪರ್ಕ. ಇದಕ್ಕೇ ನಾವು ನೆಟ್‌ವರ್ಕ್ ಎನ್ನುತ್ತೇವೆ. ಗೋಪುರ ದೂರವಾದರೆ, ನಡುವೆ ಗುಡ್ಡ ಬಂದರೆ ಇದು ಕ್ಷೀಣಿಸುತ್ತದೆ. ಕಿತ್ತೂರ ಕಡೆಯ ಗುಡ್ಡದ ಮಗ್ಗುಲಲ್ಲಿ, ಸವದತ್ತಿಯ ಕಲ್ಲುಗುಡ್ಡಗಳ ಹಿಂದೆ, ಹಳ್ಳದ ದಂಡೆಯ ತಗ್ಗಿನಲ್ಲಿ ಇದರ ಅನುಭವ ನಿಮಗೇ ಇದೆ.

ಎರಡನೆಯದು ವೈಫೈ. ಒಂದು ಮನೆ, ಅದರ ಅಂಗಳ, ಇಷ್ಟೇ ಇದರ ಹರವು. ಒಂದು ಫೋನಿನ ನೆಟ್‌ವರ್ಕನ್ನು ಮತ್ತೊಂದು ಫೋನಿಗೆ ಕಡ ಕೊಡುವ ಹಾಟ್‌ಸ್ಪಾಟ್ ಕೂಡ ಇದೇ ದಾರಿಯದು. ನೆರೆಯವನ ಫೋನಿನಲ್ಲಿ ಸಂಪರ್ಕವಿದ್ದು ನಿಮ್ಮದರಲ್ಲಿ ಇಲ್ಲದಿದ್ದರೆ ಹೀಗೆ ಕಡ ಪಡೆಯಬಹುದು.

ಮೂರನೆಯದು ಬ್ಲೂಟೂತ್. ಸುಮಾರು ಮೂವತ್ತು ಅಡಿಯೊಳಗೆ ಎರಡು ಯಂತ್ರಗಳು ಮಾತನಾಡಿಕೊಳ್ಳುವ ಉಪಾಯ. ಇದಕ್ಕೆ ನೆಟ್‌ವರ್ಕ್ ಬೇಡ. ಕೆಲಸವಿಲ್ಲದಾಗ ಇದನ್ನು ಆರಿಸಿಡುವುದು ಒಳ್ಳೆಯದು.

ನಾಲ್ಕನೆಯದು ಉಪಗ್ರಹದಿಂದ ಸ್ಥಾನ ತಿಳಿಯುವ ಜಿಪಿಎಸ್. ರೈತನಿಗೆ ನಾಲ್ಕರಲ್ಲಿ ಇದೇ ಮುಖ್ಯ, ಇದನ್ನು ತಪ್ಪಾಗಿ ತಿಳಿದವರೂ ಹೆಚ್ಚು. ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಮೇಲೆ ತಿರುಗುವ ಉಪಗ್ರಹಗಳು ಸದಾ ಸಮಯದ ಸಂಕೇತವನ್ನು ಕಳಿಸುತ್ತಿರುತ್ತವೆ. ನಾಲ್ಕಾರು ಉಪಗ್ರಹಗಳ ಸಂಕೇತ ತಲುಪಿದ ಹೊತ್ತನ್ನು ಹೋಲಿಸಿ ಫೋನು ತಾನು ನಿಂತ ಜಾಗವನ್ನು ಲೆಕ್ಕ ಹಾಕುತ್ತದೆ. ಇದರಲ್ಲಿ ಫೋನು ಕೇವಲ ಕೇಳುತ್ತದೆ, ಏನನ್ನೂ ಕಳಿಸುವುದಿಲ್ಲ. ಆದ್ದರಿಂದ ಜಿಪಿಎಸ್‌ಗೆ ಮೊಬೈಲ್ ಗೋಪುರ ಬೇಕಿಲ್ಲ, ತೆರೆದ ಆಕಾಶ ಬೇಕು. ‘ನಮ್ಮ ಹೊಲದಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೆ ಬೆಳೆಯ ಚಿತ್ರ ತೆಗೆಯಲಾಗಲಿಲ್ಲ’ ಎನ್ನುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ಗಿಡದ ಕೆಳಗೆ, ತಗಡಿನ ಮಾಡಿನ ಕೆಳಗೆ ನಿಲ್ಲದೆ ಬಯಲಿಗೆ ಬಂದು ಒಂದೆರಡು ನಿಮಿಷ ಕಾದರೆ ಯಂತ್ರವು ಜಾಗವನ್ನು ಗುರುತಿಸುತ್ತದೆ.

ಉತಾರದಲ್ಲಿ ಬರೆದದ್ದೇ ಬೆಳೆ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಹೊಲದಲ್ಲಿ ಸೋಯಾ ನಿಂತಿರುವುದು ದಾರಿಹೋಕನಿಗೂ ಕಾಣುತ್ತದೆ. ಆದರೆ ಕಚೇರಿಗೆ ಹೊಲ ಕಾಣುವುದಿಲ್ಲ, ಉತಾರ ಕಾಣುತ್ತದೆ. ಉತಾರದ ಬೆಳೆಯ ಕಲಮಿನಲ್ಲಿ ಏನು ಬರೆದಿದೆಯೋ ಅದೇ ಬೆಳೆ. ಚಾವಡಿಯಲ್ಲಿ ಕುಳಿತು ಹಿಂದಿನ ವರ್ಷದ ಬೆಳೆಯನ್ನೇ ಈ ವರ್ಷಕ್ಕೂ ಬರೆದುಬಿಡುತ್ತಾರೆ ಎಂಬ ದೂರು ಬಹು ಹಳೆಯದು.

‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೆ ಏರಿದವು. 2002ರ ಹೊತ್ತಿಗೆ ಕೈಬರಹದ ಉತಾರ ನಿಂತು, ತಾಲೂಕು ಕಚೇರಿಯಲ್ಲಿ ಅಚ್ಚಾದ ಉತಾರ 15 ರೂಪಾಯಿಗೆ ಸಿಗತೊಡಗಿತು. ಇದು ದೊಡ್ಡ ಸುಧಾರಣೆ. ಆದರೆ ಯಂತ್ರಕ್ಕೆ ತುಂಬಿದ ಬೆಳೆಯ ವಿವರವೇ ತಪ್ಪಾಗಿದ್ದರೆ ಅಚ್ಚು ಎಷ್ಟು ಅಂದವಾಗಿದ್ದರೇನು? ಆ ಕೊರತೆ ನೀಗಲು ರಾಜ್ಯದಲ್ಲಿ 2017ರಿಂದ ಮೊಬೈಲ್ ಮೂಲಕ ಬೆಳೆ ಸಮೀಕ್ಷೆ ಆರಂಭವಾಯಿತು. ಹೊಲಕ್ಕೇ ಹೋಗಿ, ಜಿಪಿಎಸ್ ಸಹಿತ ಚಿತ್ರ ತೆಗೆದು ಬೆಳೆ ದಾಖಲಿಸುವ ಕ್ರಮ ಇದು. 2020ರ ಮುಂಗಾರಿನಲ್ಲಿ ರೈತನೇ ತನ್ನ ಬೆಳೆಯನ್ನು ತಾನೇ ದಾಖಲಿಸುವ ಆ್ಯಪ್ ಬಂದಿತು. ರೈತರು ದಾಖಲಿಸದೆ ಬಿಟ್ಟ ಹೊಲಗಳನ್ನು ಖಾಸಗಿ ನಿವಾಸಿಗಳೆಂದು ಕರೆಯುವ ಊರ ಯುವಕರಿಂದ ಮಾಡಿಸುತ್ತಾರೆ.

ನನ್ನ ದೃಷ್ಟಿಯಲ್ಲಿ ಈ ಒಂದು ಬದಲಾವಣೆ ಯಂತ್ರದ ಮಿಕ್ಕೆಲ್ಲ ಚಮತ್ಕಾರಗಳಿಗಿಂತ ದೊಡ್ಡದು. ಉತಾರದ ಆ ಕಲಮನ್ನು ಬರೆಯುವ ಲೇಖನಿ ಎಷ್ಟೋ ತಲೆಮಾರುಗಳ ತನಕ ರೈತನ ಕೈಯಲ್ಲಿರಲಿಲ್ಲ. ಈಗ ಬಂದಿದೆ. ಬಂದ ಲೇಖನಿಯನ್ನು ನಾವೇ ಮತ್ತೆ ಬೇರೆಯವರ ಕೈಗೆ ಕೊಡುತ್ತಿದ್ದೇವೆ ಎಂಬುದೇ ನನ್ನ ಚಿಂತೆ. ‘ಅವರು ಹೇಗೂ ಬಂದು ಮಾಡುತ್ತಾರೆ’ ಎಂದು ಕೂರುವವರು ಬಹಳ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆ ಬಿತ್ತನೆಗೆ ಎಷ್ಟು ನಿಜವೋ ಇದಕ್ಕೂ ಅಷ್ಟೇ ನಿಜ.

ಏನು ಕಳೆದುಕೊಳ್ಳುತ್ತೇವೆ ಎಂಬುದನ್ನು ಲೆಕ್ಕ ಹಾಕಿರಿ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ, ಎಣ್ಣೆಕಾಳುಗಳಿಗೆ ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ಹತ್ತಿಯಂಥ ವಾಣಿಜ್ಯ ಬೆಳೆಗಳಿಗೆ ಶೇ. 5ರವರೆಗೆ ರೈತನ ಕಂತು. ನೀವು ಕಂತು ಕಟ್ಟಿದ್ದು ಹೆಸರಿಗೆ, ಸಮೀಕ್ಷೆಯಲ್ಲಿ ದಾಖಲಾದದ್ದು ಗೋವಿನಜೋಳ ಎಂದಾದರೆ ಎರಡೂ ತಾಳೆಯಾಗದೆ ಪರಿಹಾರಕ್ಕೆ ಕೊಕ್ಕೆ ಬೀಳುತ್ತದೆ. ಬೆಂಬಲ ಬೆಲೆಯಲ್ಲಿ ಕಡಲೆ ಮಾರಲು ಹೋದಾಗಲೂ ಇದೇ ದಾಖಲೆಯನ್ನು ನೋಡುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ದಂಡೆಯ ಹಳ್ಳಿಗಳಿಗೂ ಹೊಲಗಳಿಗೂ ನುಗ್ಗಿದ್ದನ್ನು ನೆನೆಯಿರಿ. ಅಂಥ ಮಹಾಪೂರ ಇಳಿದ ಮೇಲೆ ಹೊಲದಲ್ಲಿ ಏನಿತ್ತೆಂದು ತೋರಿಸಲು ಬೆಳೆಯೇ ಉಳಿದಿರುವುದಿಲ್ಲ. ಆಗ ಮಾತನಾಡುವುದು ಮೊದಲೇ ತೆಗೆದಿಟ್ಟ ಚಿತ್ರ ಮಾತ್ರ.

ಹೊಲದಲ್ಲಿ ಯಂತ್ರ ಹಿಡಿಯುವ ಕ್ರಮ

ಆಯಾ ಹಂಗಾಮಿನ ಆ್ಯಪ್ ಅನ್ನು ಊರಲ್ಲೇ, ನೆಟ್‌ವರ್ಕ್ ಚೆನ್ನಾಗಿರುವ ಕಡೆ ಇಳಿಸಿಕೊಳ್ಳಿರಿ. ನಿಮ್ಮ ಗ್ರಾಮದ ನಕ್ಷೆಯನ್ನೂ, ಸರ್ವೆ ನಂಬರಿನ ವಿವರವನ್ನೂ ಮನೆಯಿಂದಲೇ ತುಂಬಿಕೊಂಡು ಹೊರಡಿರಿ. ಬುತ್ತಿ ಕಟ್ಟಿಕೊಂಡು ಹೋದ ಹಾಗೆ ಇದು. ಹೊಲದಲ್ಲಿ ಚಿತ್ರ ತೆಗೆದು ಉಳಿಸಿ, ನೆಟ್‌ವರ್ಕ್ ಇರುವ ಕಡೆ ಬಂದು ಕಳಿಸಿದರಾಯಿತು. ಆದರೆ ಕಳಿಸುವುದನ್ನು ಮರೆಯಬಾರದು. ಉಳಿಸಿದ್ದು ಬೇರೆ, ಕಳಿಸಿದ್ದು ಬೇರೆ.

ಎಲ್ಲಿ ನಿಲ್ಲಬೇಕು ಎಂಬುದು ಬಹಳ ಮುಖ್ಯ. ತೆರೆದ ಬಯಲಿನಲ್ಲೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್, ಅಂದರೆ 16 ಅಡಿಯಷ್ಟು ಆಚೀಚೆ ತೋರಿಸಬಹುದು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ನಮ್ಮಲ್ಲಿ ಪಾಲಾಗಿ ಪಾಲಾಗಿ ಹೊಲಗಳು ಪಟ್ಟಿಯಂತಾಗಿವೆ. 66 ಅಡಿ ಅಗಲ, 660 ಅಡಿ ಉದ್ದದ ಪಟ್ಟಿ ಸರಿಯಾಗಿ ಒಂದು ಎಕರೆ. ಇಂಥ ಹೊಲದ ಬದುವಿನ ಮೇಲೆ ನಿಂತು ಚಿತ್ರ ತೆಗೆದರೆ ಯಂತ್ರವು ನಿಮ್ಮನ್ನು ನೆರೆಯವನ ಹೊಲದಲ್ಲಿ ನಿಲ್ಲಿಸಿಬಿಡಬಹುದು. ನಟ್ಟನಡುವೆ ನಿಂತರೆ ಎರಡೂ ಬದುವಿಗೆ 33 ಅಡಿ ಅಂತರವಿರುತ್ತದೆ, 16 ಅಡಿ ತಪ್ಪಿದರೂ ನೀವು ನಿಮ್ಮ ಹೊಲದಲ್ಲೇ ಇರುತ್ತೀರಿ. ಕಾಲಿಗೆ ಕೆಸರು ಹತ್ತಿದರೂ ಚಿಂತೆಯಿಲ್ಲ, ನಡುವಿಗೆ ಹೋಗಿ ನಿಲ್ಲಿರಿ.

ಯಾವಾಗ ಎಂಬುದೂ ಅಷ್ಟೇ ಮುಖ್ಯ. ಸವದತ್ತಿ, ರಾಮದುರ್ಗದ ಎರೆಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಅಥವಾ ಕಡಲೆ ಹಾಕುವ ರೂಢಿಯಿದೆ. ಹೆಸರು 65ರಿಂದ 70 ದಿನಗಳ ಬೆಳೆ. ಜೂನ್ ಮೊದಲಲ್ಲಿ ಬಿತ್ತಿದರೆ ಆಗಸ್ಟ್ ನಡುವಿಗೆ ಕಟಾವು. ಸಮೀಕ್ಷೆಯವರು ಅದರ ನಂತರ ಬಂದರೆ ಅವರಿಗೆ ಕಾಣುವುದು ಖಾಲಿ ಹೊಲ, ಅವರು ಬರೆಯುವುದೂ ಅದನ್ನೇ. ಹೆಸರಿನ ಕಾಯಿ ಕಪ್ಪಾಗುವ ಮೊದಲೇ ನಿಮ್ಮ ಚಿತ್ರ ಹೋಗಿರಬೇಕು. ಅಕ್ಕಡಿ ಸಾಲುಗಳಿದ್ದರೆ ಮಿಶ್ರ ಬೆಳೆ ಎಂದು ಎರಡನ್ನೂ ದಾಖಲಿಸಿರಿ, ದೊಡ್ಡ ಬೆಳೆಯನ್ನಷ್ಟೇ ಬರೆದು ತೊಗರಿಯ ಸಾಲನ್ನು ಬಿಡಬೇಡಿರಿ.

ಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ನಾವು ಗೋವಿನಜೋಳ ಎನ್ನುವುದನ್ನು ಸರ್ಕಾರದ ಕಾಗದಗಳು ಮುಸುಕಿನ ಜೋಳ ಅಥವಾ ಮೆಕ್ಕೆಜೋಳ ಎನ್ನುತ್ತವೆ. ನಮ್ಮ ಶೇಂಗಾ ಅಲ್ಲಿ ನೆಲಗಡಲೆಯಾಗಿರಬಹುದು, ಕಡಲೆಕಾಯಿಯಾಗಿರಬಹುದು. ಪಟ್ಟಿಯಲ್ಲಿ ‘ಕಡಲೆ’ ಎಂಬ ಅಕ್ಷರ ಕಂಡೊಡನೆ ಬೆರಳಿಟ್ಟರೆ ಶೇಂಗಾ ಹೋಗಿ ಕಡಲೆಯಾದೀತು.

ಚಿತ್ರ ಕಳಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ‘ಬೆಳೆ ದರ್ಶಕ’ ಎಂಬ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂಬುದನ್ನು ನೋಡಬಹುದು. ತಪ್ಪಿದ್ದರೆ ಗೊತ್ತುಪಡಿಸಿದ ಅವಧಿಯೊಳಗೆ ಅಲ್ಲೇ ಆಕ್ಷೇಪಣೆ ಸಲ್ಲಿಸಬಹುದು. ಬಿತ್ತಿದ ಎಂಟನೆಯ ದಿನ ಮೊಳಕೆ ನೋಡಲು ಹೋಗುವ ರೈತನು ಇದನ್ನೂ ಹೋಗಿ ನೋಡಬೇಕು.

ಮೊದಲ ನೋಟದ ಗುಣ-ದೋಷ

ಗುಣಗಳನ್ನು ಮೊದಲು ಹೇಳುತ್ತೇನೆ. ಹವಾಮಾನದ ವಿಷಯದಲ್ಲಿ ಈ ಯಂತ್ರದ ಉಪಯೋಗ ಸಣ್ಣದಲ್ಲ. ನಮ್ಮ ನಾಲ್ಕು ತಾಲೂಕುಗಳಲ್ಲಿ ಮಳೆ ಒಂದೇ ತೆರನಾಗಿಲ್ಲ. ಪಡುವಣ ಕಿತ್ತೂರ ಮಲೆನಾಡಿನ ಸೆರಗು, ಮೂಡಣ ರಾಮದುರ್ಗ ಬರದ ಬಯಲು. ಇಡೀ ಜಿಲ್ಲೆಗೆ ಒಂದೇ ಮಾತು ಹೇಳುವ ಮುನ್ಸೂಚನೆಯಿಂದ ನಮಗೆ ಹೆಚ್ಚು ಪ್ರಯೋಜನವಿರಲಿಲ್ಲ. ಈಗ ಹೋಬಳಿ ಮಟ್ಟದ ಮುನ್ಸೂಚನೆ ಕೈಗೆ ಸಿಗುತ್ತದೆ. ಕೃಷಿ ಹವಾಮಾನ ಸಲಹೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಹೊರಡುತ್ತದೆ. 2019ರಲ್ಲಿ ಬಂದ ‘ಮೇಘದೂತ’ ಆ್ಯಪ್‌ನಲ್ಲಿ ಅದನ್ನು ನೋಡಬಹುದು. ಸಿಡಿಲಿನ ಎಚ್ಚರಿಕೆಗೆ ‘ದಾಮಿನಿ’ ಇದೆ. ಬಯಲಲ್ಲಿ ಎತ್ತು ಕಟ್ಟಿಕೊಂಡು ದುಡಿಯುವವರು ಅದನ್ನು ಇಟ್ಟುಕೊಳ್ಳುವುದು ಒಳಿತು. ಎಲೆಯ ಮೇಲಿನ ರೋಗದ ಚಿತ್ರ ತೆಗೆದು ತಜ್ಞರಿಗೆ ತೋರಿಸಬಹುದು. ಅದಕ್ಕೂ ಮೊದಲು ಮಾತಿನಲ್ಲೇ ಕೇಳಬೇಕೆಂದರೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆ 2004ರಿಂದಲೂ ಇದೆ, ಅದಕ್ಕೆ ಸಣ್ಣ ಫೋನೇ ಸಾಕು.

ವಿಮೆ ಮಾಡಿಸಿದವರಿಗೆ ಇನ್ನೊಂದು ಅನುಕೂಲ. ಆಲಿಕಲ್ಲು ಬಿದ್ದರೆ, ಅಥವಾ ಕೊಯ್ದು ಹೊಲದಲ್ಲೇ ಒಣಗಲು ಹರವಿದ ಸೋಯಾದ ಮೇಲೆ ಹದಿನಾಲ್ಕು ದಿನಗಳೊಳಗೆ ಅಕಾಲದ ಮಳೆ ಸುರಿದರೆ, 72 ಗಂಟೆಗಳೊಳಗೆ ತಿಳಿಸಬೇಕೆಂಬ ನಿಯಮವಿದೆ. ಹಿಂದೆ ಅಷ್ಟರಲ್ಲಿ ಅರ್ಜಿ ಬರೆಸಿ ತಾಲೂಕಿಗೆ ಮುಟ್ಟಿಸುವುದೇ ಕಷ್ಟವಾಗಿತ್ತು. ಈಗ ವಿಮೆಯ ಆ್ಯಪ್ ಮೂಲಕ ಅಥವಾ 14447ಕ್ಕೆ ಕರೆ ಮಾಡಿ ಹೊಲದಿಂದಲೇ ತಿಳಿಸಬಹುದು.

ಇನ್ನು ದೋಷಗಳು. ಬಿಸಿಲಲ್ಲಿ ಗಾಜು ಕಾಣುವುದಿಲ್ಲ. ಒರಟಾದ, ಒದ್ದೆಯಾದ ಬೆರಳನ್ನು ಅದು ಅರಿಯುವುದಿಲ್ಲ. ಜಿಪಿಎಸ್ ಹಾಗೂ ಕ್ಯಾಮೆರಾ ಒಟ್ಟಿಗೆ ನಡೆದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಕನ್ನಡದಲ್ಲಿ ಮಾತನಾಡಿದರೆ ಬರೆದುಕೊಳ್ಳುತ್ತದೆ ನಿಜ, ಆದರೆ ಪುಸ್ತಕದ ಕನ್ನಡ ತಿಳಿದಷ್ಟು ನಮ್ಮ ಬೈಲಹೊಂಗಲದ ಆಡುಮಾತು ಅದಕ್ಕೆ ತಿಳಿಯದು. ಇವು ಸಣ್ಣ ತೊಡಕುಗಳು, ರೂಢಿಯಿಂದ ಸರಿಹೋಗುತ್ತವೆ.

ದೊಡ್ಡ ತೊಡಕು ಬೇರೆ. ಈ ಯಂತ್ರ ಇಲ್ಲದವನ ಗತಿ ಏನು? ಸಿಂಪ್ಯೂಟರ್ ಮಾಡಿದವರು ಯಂತ್ರ ಬೇರೆ, ಒಡೆಯನ ಗುರುತು ಬೇರೆ ಎಂದು ತಿಳಿದಿದ್ದರು. ಈಗ ಫೋನೇ ಗುರುತಾಗಿದೆ. ಒಟಿಪಿ ಎಂಬ ಗುಟ್ಟಿನ ಅಂಕಿ ಬರುವುದು ನೋಂದಾಯಿಸಿದ ಸಂಖ್ಯೆಗೆ. ಆ ಸಂಖ್ಯೆ ಎಂದೋ ಅರ್ಜಿ ತುಂಬಿಕೊಟ್ಟವನದೋ, ಪುಣೆಯಲ್ಲಿ ದುಡಿಯುವ ಮಗನದೋ ಆಗಿದ್ದರೆ ಮುದುಕ ತಂದೆ ತನ್ನ ಹೊಲದಲ್ಲಿ ನಿಂತೂ ತನ್ನ ಬೆಳೆಗೆ ಸಾಕ್ಷಿ ಹೇಳಲಾರ. 2025ರಲ್ಲಿ ಭಾರತೀಯ ಹತ್ತಿ ನಿಗಮಕ್ಕೆ ಬೆಂಬಲ ಬೆಲೆಯಲ್ಲಿ ಹತ್ತಿ ಮಾರುವವರಿಗಾಗಿ ‘ಕಪಾಸ್ ಕಿಸಾನ್’ ಎಂಬ ನೋಂದಣಿಯ ಆ್ಯಪ್ ಬಂದಿತು. ಹೀಗೆ ಮಾರಾಟದ ಬಾಗಿಲೂ ಈ ಗಾಜಿನ ಮೂಲಕವೇ ತೆರೆಯುವಂತಾಗುತ್ತಿರುವಾಗ ಈ ಪ್ರಶ್ನೆಯನ್ನು ಮುಂದೂಡುವಂತಿಲ್ಲ.

ಮೋಸದ ಮಾತನ್ನೂ ಇಲ್ಲೇ ಹೇಳಬೇಕು. ಬಾಯಿ-ಕಿವಿ ಎರಡೂ ಇರುವ ಯಂತ್ರ ಕಳ್ಳನ ಮಾತನ್ನೂ ಕೇಳುತ್ತದೆ. ‘ಪಿಎಂ ಕಿಸಾನ್ ಕಂತು ಬಂದಿದೆ, ಇದನ್ನು ಒತ್ತಿರಿ’ ಎಂದು ವಾಟ್ಸಾಪಿನಲ್ಲಿ ಬರುವ ಕಡತವನ್ನು ತೆರೆಯಬೇಡಿರಿ. ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಿರಿ. ಯಾರೇ ಕರೆ ಮಾಡಿ ಒಟಿಪಿ ಕೇಳಿದರೂ ಹೇಳಬೇಡಿರಿ. ಕಣಜದ ಕೀಲಿಯನ್ನು ದಾರಿಹೋಕನ ಕೈಗೆ ಕೊಡುತ್ತೀರಾ?

ಆಗಬೇಕಾದದ್ದೇನು?

ಸರ್ಕಾರವು ನಾಲ್ಕು ಕೆಲಸ ಮಾಡಬೇಕೆಂಬುದು ನನ್ನ ಅಭಿಪ್ರಾಯ. ಒಂದು, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ರೈತನು ಎರವಲು ಪಡೆದು ಹೊಲಕ್ಕೆ ಒಯ್ಯಬಹುದಾದ ಯಂತ್ರಗಳಿರಬೇಕು. ಗುರುತಿಗೆ ಸ್ವಂತ ಫೋನೇ ಬೇಕೆಂಬ ಹಟ ಬೇಡ. ಎರಡು, ದಾಖಲಾದ ಬೆಳೆಯ ಬಗ್ಗೆ ರೈತನ ಕೈಗೆ ಕಾಗದದ ರಸೀದಿ ಸಿಗಬೇಕು. ಗಾಜಿನ ಮೇಲೆ ಕಂಡದ್ದನ್ನು ಯಾವ ಚಾವಡಿಯಲ್ಲಿ ತೋರಿಸಲಾದೀತು? ಮೂರು, ಬೆಳೆಯ ಪಟ್ಟಿಯಲ್ಲಿ ಗೋವಿನಜೋಳ, ಶೇಂಗಾ ಮುಂತಾದ ನಮ್ಮ ಸೀಮೆಯ ಹೆಸರುಗಳೂ ಇರಬೇಕು, ಪಕ್ಕದಲ್ಲಿ ಬೆಳೆಯ ಚಿತ್ರವೂ ಇರಬೇಕು. ನಾಲ್ಕು, ಆಕ್ಷೇಪಣೆಗೆ ಕೊಟ್ಟ ಅವಧಿಯನ್ನು ಫೋನಿನಲ್ಲಿ ಮಾತ್ರ ತಿಳಿಸದೆ ಊರಲ್ಲಿ ಡಂಗುರ ಸಾರಿ ತಿಳಿಸಬೇಕು, ಬರೆದುಕೊಟ್ಟ ತಕರಾರನ್ನೂ ಸ್ವೀಕರಿಸಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ನಿಮ್ಮ ಎಫ್‌ಐಡಿಗೆ, ಆಧಾರಿಗೆ, ಬ್ಯಾಂಕ್ ಖಾತೆಗೆ ಯಾವ ಫೋನ್ ಸಂಖ್ಯೆ ಜೋಡಣೆಯಾಗಿದೆ ಎಂಬುದನ್ನು ಈ ವಾರವೇ ವಿಚಾರಿಸಿರಿ. ಬೇರೆಯವರದಾಗಿದ್ದರೆ ಬದಲಿಸಿರಿ. ಮನೆಯ ಹೆಣ್ಣುಮಕ್ಕಳಿಗೆ ಯಂತ್ರ ಹಿಡಿಯಲು ಕಲಿಸಿರಿ. ಕಳೆ ತೆಗೆಯುವಾಗ ಹೊಲದ ನಡುವೆ ಇರುವವರು ಅವರೇ, ಯಾವ ಸಾಲಿನಲ್ಲಿ ಏನಿದೆ ಎಂದು ಹೆಚ್ಚು ಬಲ್ಲವರೂ ಅವರೇ. ಶಾಲೆಗೆ ಹೋಗುವ ಮಗಳು ಯಂತ್ರ ಹಿಡಿಯಲಿ, ತಾಯಿ ಬೆಳೆ ಹೇಳಲಿ. ಊರ ಸಂಘದಲ್ಲಿ ಹಂಗಾಮಿಗೊಂದು ದಿನ ಗೊತ್ತುಮಾಡಿ, ಬಲ್ಲವರು ಬಾರದವರ ಹೊಲಕ್ಕೆ ಜೊತೆಯಾಗಿ ಹೋಗುವ ಪದ್ಧತಿ ಹಾಕಿಕೊಳ್ಳಬಹುದು. ಮುಯ್ಯಾಳು ನಮಗೆ ಹೊಸದೇನಲ್ಲ. ಬಿತ್ತಲು, ಕೊಯ್ಯಲು ಕೂಡುವ ಕೈಗಳು ಇದಕ್ಕೂ ಕೂಡಲಿ.

ಈ ಯಂತ್ರ ಕೂರಿಗೆಯಲ್ಲ, ಅದರಿಂದ ಒಂದು ಕಾಳೂ ಹೆಚ್ಚು ಬೆಳೆಯುವುದಿಲ್ಲ. ಆದರೆ ಬೆಳೆದ ಕಾಳು ನಿಮ್ಮದೆಂದು ಹೇಳಬಲ್ಲದು, ಹೋದ ಬೆಳೆ ನಿಮ್ಮದಾಗಿತ್ತೆಂದೂ ಹೇಳಬಲ್ಲದು. ಹಿಡಿದವನು ಹೇಳಿಸಿದಂತೆ ಅದು ಹೇಳುತ್ತದೆ. ಮುಂದಿನ ಮುಂಗಾರಿಗೆ ಕೂರಿಗೆಯ ತಾಳು, ಬೀಜದ ಚೀಲ, ಎತ್ತಿನ ಹಗ್ಗ ಸರಿಮಾಡಿಕೊಳ್ಳುವಾಗ ಈ ಸಾಧನವನ್ನೂ ಅವುಗಳ ಜೊತೆಗೆ ಸಜ್ಜು ಮಾಡಿಟ್ಟುಕೊಳ್ಳಿರಿ. ಹೆಸರು ಹೂಬಿಟ್ಟು ಕಾಯಿ ಹಿಡಿದ ವಾರದಲ್ಲಿ ಹೊಲದ ನಡುವೆ ನಿಂತು ನೀವೇ ಚಿತ್ರ ತೆಗೆಯಿರಿ.